ಸಿಯೋಲ್‌ನಲ್ಲಿ ಸಿಗದ ಕ್ಯಾರೆಟ್

ಆ ಶನಿವಾರ ವೆನ್ಯಾ ಹೆಗಾಯ್‌ಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸಂಜೆ ಅವನ ತರಗತಿಯ ಅಯಗೋಜ್‌ಳ ಹುಟ್ಟುಹಬ್ಬ. ಊಟ ಕಜಾಕ್ ನಾಡಿನ ತಾಲ್ದಿಕೊರ್ಗಾನ್ ಪೇಟೆಯ ದೊಡ್ಡ ಬೀದಿಯಲ್ಲಿ ಹೊಸದಾಗಿ ತೆರೆದ ಕೊರಿಯನ್ ಹೋಟೆಲಿನಲ್ಲಿ. ಯಜಮಾನ ಖುದ್ದು ಸಿಯೋಲ್‌ನವನಂತೆ. ಅಲ್ಲಿ ಅವಳ ಗೆಳತಿಯರ ಮುಂದೆ ಕೊರಿಯನ್ ಭಾಷೆಯಲ್ಲಿ ಊಟ ತರಿಸುವ ಭಾರ ವೆನ್ಯಾನ ತಲೆಗೆ ಬಿದ್ದಿತ್ತು.

ಬಿದ್ದಿತ್ತು ಅನ್ನುವುದೂ ತಪ್ಪೇ, ತಾನಾಗಿ ಎಳೆದುಕೊಂಡಿದ್ದ. "ಮನೇಲಿ ನಾವು ಮಾತಾಡೋದೇ ಕೊರಿಯನ್" ಎಂದು ಬಡಾಯಿ ಕೊಚ್ಚಿದವನು ಅವನೇ. ಮನೆಯಲ್ಲಿ ಆಡುತ್ತಿದ್ದದ್ದು ರಷ್ಯನ್. ಮುತ್ತಜ್ಜನ ಕಾಲದ ಕೊರಿಯನ್ನರನ್ನು ಸರ್ಕಾರ ರೈಲಿಗೆ ತುಂಬಿ ತಂದು ಈ ಬಯಲಿನಲ್ಲಿ ಸುರಿದಂದಿನಿಂದ ಹಳೆಯ ಭಾಷೆ ಸವೆಯುತ್ತ ಬಂದು, ಈಗ ಅಜ್ಜಿ ವೇರಾಳ ಬೈಗುಳದಲ್ಲಷ್ಟೇ ಉಸಿರಾಡುತ್ತಿತ್ತು.

ಹುಡುಗನನ್ನೂ ಪೂರ್ತಿ ದೂರುವಂತಿಲ್ಲ. ಕೇರಿಯಲ್ಲಿ ನಾಯಿ ಕಾಣೆಯಾದರೆ, "ಹೆಗಾಯ್ ಮನೆ ಪಾತ್ರೆ ತೆಗೆದು ನೋಡ್ರೋ" ಎಂಬ ನಗೆ ಕೇಳಿಯೇ ಬೆಳೆದವನು. ಅಜ್ಜಿ ಬಜಾರಿನಲ್ಲಿ ಕ್ಯಾರೆಟ್ ಸಲಾಡ್ ಮಾರುತ್ತಿದ್ದುದರಿಂದ ಶಾಲೆಯಲ್ಲಿ ಅವನ ಹೆಸರೇ ಕ್ಯಾರೆಟ್. ಸಪೂರ ಮೈ, ಮೀಸೆ ಚಿಗುರದ ಮುಖ ನೋಡಿ ಕುಸ್ತಿಯ ಹುಡುಗರು ಅವನನ್ನು 'ಬಾರೇ, ಹೋಗೇ' ಎಂದೇ ಕರೆಯುತ್ತಿದ್ದರು. ಅಷ್ಟರಲ್ಲಿ ಕೊರಿಯಾದ ಧಾರಾವಾಹಿಗಳು ಎಲ್ಲರ ಮೊಬೈಲಿಗೂ ನುಗ್ಗಿದವು. ನಿನ್ನೆಯವರೆಗೆ ಬೈಸಿಕೊಂಡ ಅದೇ ಮೈಗೆ, ಅದೇ ಮುಖಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು. ಅಯಗೋಜ್ ಅವನ ಬೆಂಚಿಗೆ ಬಂದು ಕೂತು, ಧಾರಾವಾಹಿಯ ಹುಡುಗಿಯರು ನಲ್ಲನನ್ನು ಕರೆಯುವ ಹಾಗೆ ರಾಗವಾಗಿ "ಒಪ್ಪಾ" ಎಂದಳು. ವೆನ್ಯಾ ಮರುದಿನವೇ ಕೂದಲನ್ನು ಹಣೆ ಮುಚ್ಚುವ ಹಾಗೆ ಕತ್ತರಿಸಿಕೊಂಡ.

ಅವಳಾದರೂ ಏನು ಕಡಿಮೆ? ದಿನಾ ಮುಖಕ್ಕೆ ಬೆಳ್ಳಗಾಗುವ ಕ್ರೀಮು ಮೆತ್ತಿಕೊಂಡು, ಹುಬ್ಬು ತುಟಿಗಳನ್ನೆಲ್ಲ ಧಾರಾವಾಹಿಯವರ ಹಾಗೆ ತಿದ್ದಿಕೊಂಡೇ ಬರುವಳು. ಹಳ್ಳಿಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದು ಓದುವ ಕಜಾಕ್ ಹುಡುಗಿ, ಆದರೆ ಹಳ್ಳಿಯ ಮಾತೆತ್ತುವಂತಿರಲಿಲ್ಲ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಚೌಕಳಿ ಚೀಲ ಹೊತ್ತು ಇಳಿಯುವವರನ್ನು ಕಂಡು ವೆನ್ಯಾ, "ಬಂದ್ರು ನೋಡು ಮಂಬೆಟ್‌ಗಳು" ಎಂದಿದ್ದ. ಹಳ್ಳಿಯವರನ್ನು ಪೇಟೆಯವರು ಆಡಿಕೊಳ್ಳುವ ಮಾತು. ಅಯಗೋಜ್ ಕೂಡ ನಕ್ಕಿದ್ದಳು. ನಕ್ಕು, ಚೀಲದಿಂದ ಪುಟ್ಟ ಕನ್ನಡಿ ತೆಗೆದು ಕೆನ್ನೆ ನೋಡಿಕೊಂಡಿದ್ದಳು.

"ವೆನ್ಯಾ, ಸ್ವಲ್ಪ ಕ್ಯಾರೆಟ್ ತುರಿದುಕೊಡ್ತೀಯೇನೋ?" ಅಡುಗೆಮನೆಯಿಂದ ಅಜ್ಜಿ ಕೂಗಿದಳು. "ನಾಳೆ ಮದುವೆ ಮನೆಗೆ ಬಕೆಟ್‌ಗಟ್ಲೆ ಬೇಕಂತೆ."

"ಆಗಲ್ಲ ಅಜ್ಜಿ. ಕೈಯೆಲ್ಲ ಬೆಳ್ಳುಳ್ಳಿ ನಾತ ಹೊಡಿಯತ್ತೆ."

"ಹೊಡೀಲಿ. ನೀನು ಹಾಕ್ಕೊಂಡಿರೋ ಪ್ಯಾಂಟು ಆ ನಾತದಿಂದ್ಲೇ ಬಂದಿದ್ದು."

ವೆನ್ಯಾ ಮತ್ತೆ ಕನ್ನಡಿಯ ಮುಂದೆ ಹೋದ. ಮೊಬೈಲ್ ನೋಡಿ ಬಾಯಿಪಾಠ ಮಾಡಿದ ವಾಕ್ಯಗಳನ್ನು ಗೊಣಗಿ, ಮರೆತು, ಮತ್ತೆ ಗೊಣಗಿದ.

ಹೋಟೆಲಿನಲ್ಲಿ ಬಾಯಿಪಾಠ ಕೈಕೊಡಲಿಲ್ಲ. ಯಜಮಾನ ತಲೆಯಾಡಿಸಿ ಬರೆದುಕೊಂಡ, ಗೆಳತಿಯರು ಕಣ್ಣರಳಿಸಿದರು, ಅಯಗೋಜ್ ಹೆಮ್ಮೆಯಿಂದ ಅವನ ತೋಳಿಗೆ ಒರಗಿದಳು. ಪುಟ್ಟ ಪುಟ್ಟ ಬಟ್ಟಲುಗಳು ಮೇಜು ತುಂಬಿದವು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ವೆನ್ಯಾ ಮೈಮರೆತ. ಬಟ್ಟಲುಗಳ ಮೇಲೆಲ್ಲ ಕಣ್ಣಾಡಿಸಿ, ಮನೆಯವನ ಗತ್ತಿನಲ್ಲಿ ರಷ್ಯನ್‌ನಲ್ಲೇ ಕೇಳಿಬಿಟ್ಟ.

"ಎಲ್ಲಾ ಬಂತು, ನಮ್ಮ ಕ್ಯಾರೆಟ್ ಎಲ್ಲಿ?"

"ಯಾವ ಕ್ಯಾರೆಟ್ಟಪ್ಪ?" ಎಂದ ಯಜಮಾನ.

"ಅದೇ, ಕೊರಿಯನ್ ಕ್ಯಾರೆಟ್. ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ವಿನೆಗರ್ ಹಾಕಿರ್ತಾರಲ್ಲ."

ಯಜಮಾನ ಒಳ್ಳೆಯವನು, ಮೆಲ್ಲಗೇ ಹೇಳಿದ. "ಕೊರಿಯಾದಲ್ಲಿ ಅಂಥದ್ದು ಇಲ್ಲ ಮಗು. ಇಲ್ಲಿಗೆ ಬಂದ ಮೇಲೇನೇ ನಾನೂ ಅದನ್ನ ನೋಡಿದ್ದು. ಉಪ್ಪಿನಕಾಯಿಗೆ ಎಲೆಕೋಸು ಸಿಗದೆ ನಿಮ್ಮ ಹಿರಿಯರು ಇಲ್ಲೇ ಕಂಡುಕೊಂಡಿದ್ದಂತೆ."

ಗೆಳತಿ ಕಾಮ್ಷಾತ್‌ಗೆ ಅಷ್ಟು ಸಾಕಾಯಿತು. "ಅಯ್ಯೋ ಅಯಗೋಜ್, ನಿನ್ನ ಒಪ್ಪಾ ಸಿಯೋಲ್ ಮಾಲಲ್ಲ ಕಣೇ. ಬಜಾರಿನ ಡೂಪ್ಲಿಕೇಟು."

ಎಲ್ಲರೂ ನಕ್ಕರು. ಅಯಗೋಜ್ ಕೂಡ ನಕ್ಕಳು. ನಕ್ಕು, ಕನ್ನಡಿ ತೆಗೆದಳು. ಇವಳಿಗೆ ಈಗಲೂ ತನ್ನ ಮುಖದ್ದೇ ಚಿಂತೆ ಎಂದು ವೆನ್ಯಾನ ಮೈ ಉರಿದುಹೋಯಿತು. ಕೋಟು ಎಳೆದುಕೊಂಡು ಎದ್ದು ನಡೆದ.

ಭಾನುವಾರ ಅಜ್ಜಿ ಕೇಳುವ ಮೊದಲೇ ಬಜಾರಿಗೆ ಬಂದು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಯಾರ ಮೇಲೋ ಹಗೆ ತೀರಿಸಿಕೊಳ್ಳುವವನಂತೆ ಕ್ಯಾರೆಟ್ ತುರಿಯತೊಡಗಿದ. ತಾನು ಏನೂ ಅಲ್ಲ, ಕೊರಿಯನ್ನನೂ ಅಲ್ಲ, ಇಲ್ಲಿಯವನೂ ಅಲ್ಲ. ಅವಳು ಒಂದು ದಿನವಾದರೂ ತನ್ನನ್ನು ತಾನಾಗಿ ನೋಡಿದ್ದಳೆ? ಇದೇ ಸಂಕಟ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು.

ಅಂಗಡಿಯ ಮುಂದೆ ಯಾರೋ ಬಂದು ಸುಮ್ಮನೆ ನಿಂತರು. ವೆನ್ಯಾ ಒಮ್ಮೆ ತಲೆಯೆತ್ತಿದ. ಬಿಸಿಲಿಗೆ ಕಂದಿದ ಅಗಲ ಮುಖ, ತಲೆಗೆ ಹೂವಿನ ಸ್ಕಾರ್ಫು. ಹಳ್ಳಿಯ ಯಾವಳೋ. ಮತ್ತೆ ತಲೆ ತಗ್ಗಿಸಿದ.

"ಎಷ್ಟು ಬೇಕು?"

ಕೈಯೊಂದು ಬಟ್ಟಲಿನ ಅಂಚು ಮುಟ್ಟಿತು.

"ಮುಟ್ಟಬೇಡ. ಬಾಯಿ ಇಲ್ವಾ? ಬಸ್ಸಿಳಿದು ಸೀದಾ ಇಲ್ಲಿಗೇ ಬಂದ್ಬಿಡ್ತವೆ, ಮಂಬೆಟ್‌ಗಳು."

ಕೈ ಹಿಂದಕ್ಕೆ ಸರಿಯಿತು. "ಅರ್ಧ ಕಿಲೋ," ಎಂದಿತು ಸಣ್ಣ ದನಿ. "ಖಾರ ಕಮ್ಮಿ ಇರೋದು. ಊರಿಗೆ ಹೊರಟಿದ್ದೀನಿ, ಅಮ್ಮಂಗೆ ಇಷ್ಟ."

ವೆನ್ಯಾ ತೂಗಿ, ಕಟ್ಟಿ, ನೋಡದೆಯೇ ಚಾಚಿದ.

"ನಿನ್ನೆ ನಕ್ಕಿದ್ದು ತಪ್ಪಾಯ್ತು ಅಂತ ಹೇಳೋಕೆ ಬಂದಿದ್ದೆ, ವೆನ್ಯಾ. ಮುಖಕ್ಕೆ ಏನೂ ಹಚ್ಕೊಳ್ದೆ ಬಂದ್ರೆ ನಂಬ್ತೀಯೇನೋ ಅನ್ಕೊಂಡೆ."

ಅವನು ತಲೆಯೆತ್ತುವಷ್ಟರಲ್ಲಿ ಪೊಟ್ಟಣ ಅವನ ಕೈಯಲ್ಲೇ ಉಳಿದಿತ್ತು. ಹೂವಿನ ಸ್ಕಾರ್ಫು ಸಂದಣಿಯೊಳಗೆ ಸೇರಿಹೋಗಿತ್ತು.

"ಯಾರೋ ಆ ಹುಡುಗಿ?" ಅಜ್ಜಿ ಕೇಳಿದಳು.

"ಗೊತ್ತಿಲ್ಲ ಅಜ್ಜಿ," ಎಂದ. ಹಾಗೆಂದ ಮೇಲೆ ಅದು ನಿಜವೆಂದು ಹೊಳೆದು, ನಾಚಿಕೆಯಿಂದ ಕಿವಿಗಳು ಕಾದುಹೋದವು. ದಿನಾ ಪಕ್ಕದಲ್ಲೇ ಕೂತವಳ ಮುಖ ಅವನಿಗೆ ಗೊತ್ತಿರಲಿಲ್ಲ.

ಏಪ್ರನ್‌ನಲ್ಲೇ ಓಡಿದ. ಬಜಾರಿನ ಹಿಂದೆ ಹಳ್ಳಿ ಬಸ್ಸುಗಳು ಹೊರಡಲು ಗುರುಗುಡುತ್ತಿದ್ದವು. ಎಲ್ಲಿ ನೋಡಿದರೂ ಹೂವಿನ ಸ್ಕಾರ್ಫುಗಳು, ಬಿಸಿಲುಂಡ ಕೆನ್ನೆಗಳು. ಹೆಸರು ಹಿಡಿದು ಕೂಗಿದ್ದರೆ ತಿರುಗುತ್ತಿದ್ದಳೋ ಏನೋ, ಆದರೆ ಅವನು ಕೂಗಲಿಲ್ಲ. ಪೊಟ್ಟಣ ಹಿಡಿದುಕೊಂಡು, ಬಸ್ಸಿನ ಒಂದೊಂದು ಕಿಟಕಿಯ ಕೆಳಗೂ ನಿಂತು, ಒಂದೊಂದೇ ಮುಖವನ್ನು ನೋಡುತ್ತ ಹೋದ.