ಟ್ರಂಕಿನೊಳಗಿನ ಕಾಡು

ಏಳು ಹೊಳೆ ದಾಟಿದ ಮೇಲೆ ಒಂದು ಕಾಡಿತ್ತಂತೆ. ಎಷ್ಟು ತೆಳ್ಳಗಿನ ಕಾಡೆಂದರೆ, ಕಾಗದದ ಹಾಳೆಗಳ ಮೇಲೆ ಹಿಡಿಸುತ್ತಿತ್ತಂತೆ. ಕಾಯುವವನ ಕಣ್ಣು ಮಂಜಾದಾಗ ಹುಡುಗಿಯೊಬ್ಬಳು ಬಂದು, ಈ ಕಾಡಿನ ಹೆಸರನ್ನು ಲೋಕದ ಪಟ್ಟಿಯಲ್ಲಿ ಬರೆಸಿಯೇ ಬರೆಸುತ್ತೇನೆಂದು ಮಾತು ಕೊಟ್ಟಳಂತೆ.

ಮಾತು ಕೊಟ್ಟಿದ್ದ ಶ್ರೀಗೌರಿ ಈಗ ಹಳದೀಪುರದ ಬಾಡಿಗೆ ಮನೆಯೊಂದರಲ್ಲಿ, ತೆರೆದ ಟ್ರಂಕಿನ ಮುಂದೆ ಕುಕ್ಕರಿಸಿದ್ದಳು. ಒಣಗಿಡ ಅಂಟಿಸಿದ ಹಾಳೆಗಳ ಪ್ರತಿ ಕಟ್ಟಿಗೂ ದಪ್ಪ ಪ್ಲಾಸ್ಟಿಕ್ ಸುತ್ತಿ, ಮೇಣದಬತ್ತಿಯಲ್ಲಿ ಅಂಚು ಸುಟ್ಟು ಬೆಸೆದಿತ್ತು. ಬಿಡಿಸಿದರೆ ಒಳಗೆಲ್ಲ ಬೆವರಿನಂತೆ ನೀರಹನಿ. ಗಿಡಗಳಿದ್ದಲ್ಲಿ ಕಪ್ಪು ಬೂಷ್ಟು. ಎರಡನೆಯ ಟ್ರಂಕೂ ಹಾಗೇ, ಮೂರನೆಯದೂ ಹಾಗೇ. ಚೀಟಿಯ ಮೇಲಿನ ಅಕ್ಷರಗಳು ಮಾತ್ರ ಉಳಿದಿದ್ದವು.

ಹೊನ್ನಾವರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗ ಮುಚ್ಚಿದಾಗ ಅವಳ ಮೇಷ್ಟ್ರು ಕೃಷ್ಣಾನಂದರು ಅಲ್ಲಿನ ಹರ್ಬೇರಿಯಂ ಅನ್ನು, ಈ ಒಣಗಿಡಗಳ ಸಂಗ್ರಹವನ್ನು, ಮಳೆಯಲ್ಲೇ ಟೆಂಪೋ ಮಾಡಿ ಮನೆಗೆ ತಂದಿದ್ದರು. ಭಟ್ಕಳದ ಗುಡ್ಡದಿಂದ ಕುಮಟೆಯ ಉಪ್ಪುನೀರಿನ ಗಜನಿ ಗದ್ದೆಗಳವರೆಗೆ ಅಲೆದು ಕೂಡಿಸಿದ್ದು. ಹೆದ್ದಾರಿ ಅಗಲವಾದ ಮೇಲೆ ಕೆಲವು ಗಿಡಗಳು ಇರುವುದು ಇದರಲ್ಲಿ ಮಾತ್ರ ಎಂದು ಅವರು ಹೇಳುತ್ತಿದ್ದರು. ಜಗತ್ತಿನ ಹರ್ಬೇರಿಯಂಗಳ ಪಟ್ಟಿಗೆ ಇದೊಂದು ಸೇರಿದರೆ ಸಾಕು, ಎಲ್ಲಿಂದಲಾದರೂ ಯಾರಾದರೂ ಕೇಳಿಕೊಂಡು ಬಂದಾರು.

"ಎಂತ ಕೂಸೆ, ಉಸಿರೇ ಇಲ್ಲೆ? ಟ್ರಂಕಲ್ಲಿ ಹಾವು ಇದ್ದಾ?" ಆರಾಮಕುರ್ಚಿಯಿಂದ ಮೇಷ್ಟ್ರು ನಕ್ಕರು.

ಅಡುಗೆಮನೆ ಬಾಗಿಲಲ್ಲಿ ಅವರ ಹೆಂಡತಿ ನರ್ಮದಾ ನಿಂತಿದ್ದರು. ಹಾಳೆ ನೋಡಿದವರೇ ಸೆರಗು ಬಾಯಿಗೆ ಒತ್ತಿಕೊಂಡು, ಹೇಳಬೇಡವೆಂದು ಕೈಯಾಡಿಸಿದರು.

"ಎಣಿಸ್ತಾ ಇದ್ದೆ, ಸರ್."

"ಒಂದು ಹಾಳೆ ಕೊಡು ಇಲ್ಲಿ. ಕಾಣದೇ ಇದ್ರೆ ಮುಟ್ಟಾದ್ರೂ ನೋಡನ."

"ಆಮೇಲೆ ಕೊಡ್ತೆ, ಸರ್."

"ಕೊಡೇ ಮಾರಾಯ್ತಿ. ನಾನೇನು ತಿಂತ್ನಾ?"

ಅವಳು ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಕೊಟ್ಟಳು. ಮಿರ್ಜಾನದ ಹೊಳೆದಂಡೆಯ ಕಾಂಡ್ಲ ಗಿಡ. ಬೆರಳು ತಾಗಿದ್ದೇ ಎಲೆ ಮಸಿಯಾಗಿ ಕಲಸಿಹೋಯಿತು. ಅವರು ಬೆರಳನ್ನು ಮೂಗಿನ ಬಳಿ ತಂದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ಎಲ್ಲಾ ಹಿಂಗೇ ಆಯ್ದಾ?"

ಶ್ರೀಗೌರಿ ಟ್ರಂಕಿನ ಮುಚ್ಚಳ ಮುಚ್ಚಿದಳು.

"ನಾನೇ ಕಟ್ಟಿದ್ದು," ನರ್ಮದಾ ಬಾಗಿಲಿಂದಲೇ ಅಂದರು. "ಹಪ್ಪಳಕ್ಕೆ ಹಂಗೇ ಕಟ್ತ್ವಲಿ. ಮಳೆಗಾಲ ಪೂರ್ತಿ ಎಂತದೂ ಆಗ್ತಿಲ್ಲೆ. ಅದ್ಕೇ..."

"ಹಪ್ಪಳ ಬಿಸಿಲಲ್ಲಿ ಒಣಗಿಸಿ ಕಟ್ತೆ," ಮೇಷ್ಟ್ರು ಮೆಲ್ಲಗೆ ಹೇಳಿದರು. "ಇದು ಥಂಡಿ ಕುಡಿದು ಬಂದಿತ್ತು."

ಹೊರಗೆ ಕುಮಟೆಯ ಬಸ್ಸು ಹಾರ್ನ್ ಹಾಕುತ್ತ ಹೋಯಿತು.

"ಬರೆ ಕೂಸೆ."

"ಎಂತ ಬರೆಯದು, ಸರ್?"

"ಹಾಳಾದ ಸಂಗ್ರಹಾನೂ ಆ ಪಟ್ಟಿಲಿ ಬರೀತ. ನಾಶ ಆಯ್ದು ಹೇಳಿ ಬರೆ. ಇದ್ದು ಹೇಳಿ ನಂಬ್ಕಂಡು ಯಾರೂ ಇಷ್ಟು ದೂರ ಬಪ್ಪದು ಬ್ಯಾಡ."

ಅವಳು ಲ್ಯಾಪ್‌ಟಾಪ್ ತೆರೆದಳು. ಊರು, ಜಿಲ್ಲೆ, ಶುರುವಾದ ವರ್ಷ. ಹಾಳೆಗಳ ಸಂಖ್ಯೆಯೆಂಬಲ್ಲಿ ಸೊನ್ನೆ ಒತ್ತಿದಳು. ಈಗ ನೋಡಿಕೊಳ್ಳುವವರು ಎಂಬಲ್ಲಿ ಬೆರಳು ನಿಂತಿತು. ಅವರನ್ನು ಕೇಳಲಿಲ್ಲ, ಖಾಲಿ ಬಿಟ್ಟು ಕಳಿಸಿದಳು.

"ಆತಾ?"

"ಆತು, ಸರ್."

ಅವರು ಬೆರಳುಗಳನ್ನು ಪಂಚೆಗೆ ಒರೆಸಿದರು, ಮತ್ತೆ ಒರೆಸಿದರು. ನರ್ಮದಾ ತಂಬಿಗೆಯಲ್ಲಿ ಬಿಸಿನೀರು ತಂದು, ಕೆಳಗೆ ಕೂತು, ಅವರ ಕೈಯನ್ನು ಮಡಿಲಿಗೆಳೆದುಕೊಂಡು ಒಂದೊಂದೇ ಬೆರಳು ತೊಳೆಯತೊಡಗಿದರು. ಮೇಷ್ಟ್ರು ಕೈ ಹಿಂದೆಗೆಯಲಿಲ್ಲ. ಆ ಕೈ ಅವರದಲ್ಲವೆಂಬಂತೆ ಅಲ್ಲಿಯೇ ಬಿದ್ದಿತ್ತು.