ಎದುರು ಕುರ್ಚಿಯ ಗೆಳೆಯ

“ಇನ್ನೊಂದು ಚೂರು ತಡೀರಿ. ಅವರು ಬರ್ಲಿ,” ಎಂದು ಅಕ್ಕ ಶವವಾಹನದ ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತಳು.

“ಯಾರೇ ಅವರು? ಹೆಸರಾದ್ರೂ ಗೊತ್ತಾ?” ಎಂದ ಅವಳ ಗಂಡ.

“ಗೊತ್ತಿಲ್ಲ. ತಮ್ಮಂಗೆ ಅಂತ ಇದ್ದಿದ್ದು ಅವರೊಬ್ರೇ. ಅವರಿಲ್ದೆ ಹೇಗೆ ಕಳಿಸ್ಲಿ?”

ಸತ್ತವನು ಪಠ್ಯಕ್ರಮ ಕಚೇರಿಯ ನೌಕರ. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ಯಾವ ದೇಶ ಎಂಥ ಇಂಗ್ಲಿಷ್ ಕಲಿಸುತ್ತದೆಂದು ಹೋಲಿಸಿ ನೋಡುವುದು ಅವನ ಕೆಲಸ. ಮದುವೆಯ ಮಾತೆತ್ತಿದರೆ “ಈ ದೇಶದ್ದೊಂದು ಮುಗೀಲಿ” ಎನ್ನುತ್ತಿದ್ದ. ದೇಶಗಳೇನು ಮುಗಿಯುತ್ತವೆಯೇ, ಪುಣ್ಯಾತ್ಮ!

ಕೆಳಮನೆಯ ಟೈಲರ್ ಅಕ್ಕನ ಪರ ನಿಂತ. “ನಾನೇ ಕೇಳಿದೀನಲ್ಲಮ್ಮಾ, ದಿನಾ ಸಂಜೆ ಇಬ್ಬರ ದನಿ. ಒಬ್ಬರದು ಗಡಸು, ಇನ್ನೊಬ್ಬರದು ಮೆತ್ತಗೆ. ಎಲ್ಲಾ ಇಂಗ್ಲಿಷೇ. ನಗ್ತಾನೂ ಇದ್ರು.”

“ಮೆಟ್ಟಿಲು ಹತ್ತೋದು ನೋಡಿದೀರಾ?” ಎಂದ ಅಕ್ಕನ ಗಂಡ.

“ಹೊಲಿಗೆ ಮೇಲಿರೋ ಕಣ್ಣು ಮೆಟ್ಟಿಲಿಗೆಲ್ಲಿ ಹೋಗುತ್ತೆ?”

*

ಅಕ್ಕನೂ ಒಮ್ಮೆ ಫೋನಿನಲ್ಲಿ ಕೇಳಿದ್ದಳು. “ಯಾರ ಜೊತೆ ಮಾತಾಡ್ತಿದ್ದೆಯೋ?”

“ಗೆಳೆಯ ಕಣೇ ಅಕ್ಕಾ. ಇಂಗ್ಲಿಷ್ ಮಾತಾಡೋಕೆ ಬರ್ತಾನೆ.”

“ಸದ್ಯ! ಊಟಕ್ಕೂ ನಿಲ್ಲಿಸ್ಕೋ.”

“ನಿಲ್ತಾನೆ, ನಿಲ್ತಾನೆ.”

ಅಂದಿನಿಂದ ಅವಳ ಎದೆಯ ಭಾರ ಇಳಿದಿತ್ತು. ಪ್ರತಿ ಭಾನುವಾರ ಬರುತ್ತಿದ್ದವಳು ತಿಂಗಳಿಗೊಮ್ಮೆ ಬಂದಳು, ಆಮೇಲೆ ಅದೂ ತಪ್ಪಿತು. ಜೊತೆಗೊಬ್ಬ ಇದ್ದಾನಲ್ಲ ಎಂಬ ಧೈರ್ಯ.

*

ಕಚೇರಿಯಿಂದ ಒಬ್ಬಾಕೆ ಬಂದಳು, ಅವನ ಪಕ್ಕದ ಮೇಜಿನವಳು. ಅಕ್ಕ ಅವಳ ಕೈ ಹಿಡಿದುಕೊಂಡಳು. “ಸಂಜೆ ಬಂದು ಮಾತಾಡ್ತಿದ್ದೋರು ನಿಮ್ಮ ಕಡೆಯೋರೇ ಇರ್ಬೇಕು. ಯಾರು ಹೇಳಮ್ಮಾ?”

ಆಕೆ ತಡವರಿಸಿದಳು. “ಯಾರೂ ಬರ್ತಿರ್ಲಿಲ್ಲ... ಒಂದೊಂದು ದೇಶದ ಇಂಗ್ಲಿಷ್ ಮಾತಿನ ಪರೀಕ್ಷೆ ಎಷ್ಟು ಕಷ್ಟ ಅಂತ ನಾವೇ ಮಾಡಿ ನೋಡ್ಬೇಕು. ಒಬ್ರು ಪ್ರಶ್ನೆ ಕೇಳೋದು, ಇನ್ನೊಬ್ರು ಉತ್ತರ ಹೇಳೋದು. ನಾವೆಲ್ಲ ಮನೆಯವರನ್ನ ಕೂರಿಸ್ಕೋತೀವಿ. ಇವರು ಎರಡೂ ಒಬ್ರೇ ಮಾಡ್ತಿದ್ರು. ಕುರ್ಚಿ ಬದಲಾಯಿಸಿ, ದನಿ ಬದಲಾಯಿಸಿ. ಒಂದ್ಸಲ ಮಾಡಿ ತೋರಿಸಿದ್ರು, ನಾವೆಲ್ಲ ನಕ್ಕಿದ್ವಿ.”

ಅಕ್ಕ ಮೇಲೆ ಹೋದಳು. ಕೋಣೆಯಲ್ಲಿ ಎರಡು ಕುರ್ಚಿ ಎದುರುಬದುರು ಇದ್ದವು. ಎರಡರ ದಿಂಬೂ ಕೂತು ಕೂತು ಒಂದೇ ಸಮ ತಗ್ಗಾಗಿದ್ದವು.

“ನನ್ನ ಕರೀಬಾರ್ದಿತ್ತೇನೋ! ನಾಲ್ಕು ಪ್ರಶ್ನೆ ಓದಿ ಹೇಳೋಕೆ ನಂಗೆ ಬರ್ತಿರ್ಲಿಲ್ವೇನೋ!” ಎಂದು ಅತ್ತಳು.

ಕೆಳಗಿಳಿದಾಗ ಗಂಡ ಕೇಳಿದ. “ಏನಾಯ್ತು? ಬರ್ತಾರೋ ಇಲ್ವೋ?”

“ಬಂದಾಯ್ತು. ಹೊರಡೋಣ.”

ಅವನು ಸುತ್ತ ನೋಡಿದ. ಅಕ್ಕ ವಾಹನ ಹತ್ತಿ ತಮ್ಮನ ಪಕ್ಕ ಕೂತಳು. ಟೈಲರ್ ಅವಳೆದುರಿನ ಸೀಟಿನಲ್ಲಿ ಕೂರಲು ಬಗ್ಗಿದಾಗ ಕೈ ಅಡ್ಡ ಇಟ್ಟಳು.

“ಅಲ್ಲಿ ಬೇಡಪ್ಪಾ. ಈಚೆ ಬನ್ನಿ.”

ಎಲ್ಲರೂ ಒತ್ತಿಕೊಂಡು ಒಂದೇ ಕಡೆ ಕೂತರು. ಎದುರಿನ ಸೀಟು ಸ್ಮಶಾನದವರೆಗೂ ಖಾಲಿಯೇ ಹೋಯಿತು.