ಅಂಚಿನ ಮೇಲೆ ಮಣ್ಣು

ಬೆಳಗ್ಗೆ ಆರೂವರೆಗೆ ಬಚ್ಚಲುಮನೆಯ ನೆಲದಲ್ಲಿ, ಎರಡು ಟೈಲ್ಸ್ ನಡುವಿನ ಸಂದಿಯಿಂದ, ಬಿದಿರಿನ ಮೊಳಕೆಯೊಂದು ಮೇಲೆ ಬಂದಿತ್ತು. ಹತ್ತು ಗಂಟೆಗೆ ಮನೆ ಕೊಳ್ಳುವವರು ಬರುವವರಿದ್ದರು.

ಮನೆಯೊಡತಿ, ವೃತ್ತಿಯಲ್ಲಿ ನರ್ಸ್, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಗಂಡನನ್ನು ಕೂಗಿದಳು. ಅವಳು ಕೆಲಸ ಮಾಡುವ ಆಸ್ಪತ್ರೆ ಊರಿನ ಆ ತುದಿಗಿತ್ತು. ಹೋಗಿಬರುವುದರಲ್ಲೇ ಜೀವ ಸವೆಯುತ್ತಿತ್ತು. ಈ ಮನೆ ಮಾರಿದರೆ ಆಸ್ಪತ್ರೆಯ ಹಿಂದಿನ ಬೀದಿಗೇ ಹೋಗಬಹುದು. ಮೊದಲು ನೋಡಿಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ.

ಬಿದಿರು ಗಂಡನ ಆಸೆ. ಪಕ್ಕದ ಮನೆಯ ಕಿಟಕಿ ಮರೆಯಾಗಲೆಂದು ನೆಟ್ಟದ್ದು. ಇದು ನೆಲದಡಿ ಓಡುವ ಜಾತಿ, ಸುತ್ತ ದಪ್ಪ ಪ್ಲಾಸ್ಟಿಕ್ ಹಾಳೆ ಹೂಳಿ, ಅಂಚು ನಾಲ್ಕು ಬೆರಳು ಮೇಲೆ ಕಾಣುವಂತೆ ಬಿಡಿ, ದಾಟುವ ಬೇರು ಕಂಡ ಕೂಡಲೇ ಕತ್ತರಿಸಿ ಎಂದು ಸಸಿ ಮಾರಿದವನು ಹೇಳಿದ್ದ. ಅಂಚು ಅಸಹ್ಯವಾಗಿ ಕಾಣುತ್ತದೆಂದು ಗಂಡ ಅದರ ಮೇಲೆ ಮಣ್ಣು ಹರಡಿ ಬೆಣಚುಕಲ್ಲು ಜೋಡಿಸಿದ್ದ. ಬೇರು ಆ ಮಣ್ಣಿನೊಳಗೇ ಹಾಳೆ ದಾಟಿ, ಯಾರ ಕಣ್ಣಿಗೂ ಬೀಳದೆ ಮನೆಯಡಿಗೆ ನುಗ್ಗಿತ್ತು.

"ಕತ್ತರಿಸಿ ಮೇಲೊಂದು ಬಕೆಟ್ ಇಡು. ಬಚ್ಚಲಲ್ಲಿ ಬಕೆಟ್ ಇರದೆ ಆನೆ ಇರುತ್ತಾ?" ಎಂದ ಗಂಡ.

"ಆನೆ ಇದ್ದಿದ್ರೆ ನಿಮ್ಮ ಬಿದಿರಾದ್ರೂ ತಿಂತಿತ್ತು."

ಆದರೂ ಮೊಳಕೆ ಕತ್ತರಿಸಿ ಬಕೆಟ್ ಇಟ್ಟಳು.

ಬಂದವರು ಹೊಸದಾಗಿ ಮದುವೆಯಾದ ಜೋಡಿ. ಹುಡುಗಿ ಬಿದಿರಿನ ಮುಂದೆ ನಿಂತವಳು ಕದಲಲೇ ಇಲ್ಲ. "ಅಕ್ಕಾ, ಎಷ್ಟು ಚೆನ್ನಾಗಿದೆ! ಬೆಳೆಸೋದು ಕಷ್ಟಾನಾ?"

"ಕಷ್ಟ ಏನಿಲ್ಲಮ್ಮ, ತಾನಾಗೇ ಬೆಳೆಯುತ್ತೆ" ಎಂದ ಗಂಡ. ಸುಳ್ಳಂತೂ ಹೇಳಲಿಲ್ಲ.

ನರ್ಸ್ ಗೋಡೆ ನೋಡುತ್ತ ನಿಂತಳು. ಇನ್ನೊಂದು ಗಳಿಗೆ ತುಟಿ ಬಿಗಿಹಿಡಿದರೆ ಬಿಡುಗಡೆ.

"ಹಳೇ ಮನೆ ಖಾಲಿ ಮಾಡಾಯ್ತು" ಎಂದು ಹುಡುಗಿ ನಕ್ಕಳು. "ಇನ್ನು ಬಾಳೋದೂ ಇಲ್ಲೇ, ಸಾಯೋದೂ ಇಲ್ಲೇ. ಹೊರಡೋ ಮಾತೇ ಇಲ್ಲ."

ನರ್ಸ್ ಹುಡುಗಿಯತ್ತ ತಿರುಗಿದಳು. ತಾನು ಹೊರಬೀಳಲು ಈ ಹುಡುಗಿಯನ್ನು ಒಳಗೆ ದೂಡಬೇಕು.

"ಬಾಮ್ಮ ಇಲ್ಲಿ" ಎಂದು ಬಚ್ಚಲಿಗೆ ಕರೆದೊಯ್ದು ಬಕೆಟ್ ಸರಿಸಿದಳು.

ಹುಡುಗ ಬಗ್ಗಿ ಸಂದಿಯಲ್ಲಿ ಉಳಿದಿದ್ದ ಬಿದಿರಿನ ಬುಡ ನೋಡಿದ. "ಇನ್ನೂ ಎಲ್ಲೆಲ್ಲಿದೆ ಇದು?"

"ಗೊತ್ತಿಲ್ಲಪ್ಪ."

ಜೋಡಿ ಕಾಫಿಗೂ ಕೂರದೆ ಹೊರಟಿತು. ಗೇಟು ಮುಚ್ಚುವವರೆಗೆ ಗಂಡ ತಡೆದುಕೊಂಡ.

"ನಮ್ಮ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ದೆ ಕಣೇ!"

ಮಧ್ಯಾಹ್ನ ಅವನು ಸನಿಕೆ ತಂದು, ಬೇರು ಹುಡುಕುತ್ತ ಗೋಡೆಯ ಬುಡ ಅಗೆಯತೊಡಗಿದ. ಅವಳು ಎರಡು ಬಸ್ಸು ಬದಲಿಸಿ ಸಂಜೆಯ ಪಾಳಿಗೆ ಹೋದಳು.